ಕಂಪ್ಯೂಟರಿಗೆ ಕಳುಹಿಸಿದ ಕೂಸುಗಳ ತೂಕ

ಎಪ್ಪತ್ತರ ದಶಕದ ಕೊನೆಯಲ್ಲಿ ಚಿಕ್ಕರಸಿನಕೆರೆ ಸುತ್ತಿನ ಹಳ್ಳಿಗಳಲ್ಲಿ ಕೂಸುಗಳನ್ನು ತೂಗುವುದೇ ನನ್ನ ಉದ್ಯೋಗವಾಗಿತ್ತು. ತಕ್ಕಡಿಯ ಕೊಕ್ಕೆಗೆ ಜೋಳಿಗೆ ಕಟ್ಟಿ ಕೂಸನ್ನು ಕೂರಿಸಬೇಕು, ಅದು ನನ್ನ ಅಂಗಿಯ ಮೇಲೆ ಉಚ್ಚೆ ಹೊಯ್ಯುವುದರೊಳಗೆ ಮುಳ್ಳು ನೋಡಬೇಕು, ಚೌಕಚೌಕದ ಹಾಳೆಯಲ್ಲಿ ಅಂಕಿ ತುಂಬಬೇಕು. ಆ ಹಾಳೆಗಳು ಬೆಂಗಳೂರಿಗೆ ಹೋಗಿ, ಅಂಕಿಗಳು ರಟ್ಟಿನ ಕಾರ್ಡುಗಳಲ್ಲಿ ತೂತುಗಳಾಗಿ, ಕಂಪ್ಯೂಟರಿನ ಹೊಟ್ಟೆ ಸೇರುತ್ತಿದ್ದವು. ಯಾವ ಕೂಸಿಗೆ ಹಾಲಿನ ಪುಡಿ ಕೊಡಬೇಕೆಂದು ಅದೇ ಪಟ್ಟಿ ಮಾಡುತ್ತದಂತೆ. “ಅಂಕಿ ತಪ್ಪಿದರೆ ನಿನ್ನ ಕೆಲಸ ಖಾಯಂ ಆಗೋಲ್ಲ, ನೋಡ್ಕೋ” ಎಂದು ನಮ್ಮ ಆಸ್ಪತ್ರೆಯ ಡಾಕ್ಟರು ಮೊದಲ ದಿನವೇ ಹೆದರಿಸಿದ್ದರು.

ಹೆದರಿದೆ. ಆದರೆ ಅಜ್ಜಿಯರಿಗೆ ಅದಕ್ಕಿಂತ ಹೆಚ್ಚು ಹೆದರಿದೆ. ಎಂಟು ಕೆ.ಜಿ. ಎಂದು ಬಾಯಿಬಿಟ್ಟದ್ದೇ ತಡ, ಒಬ್ಬ ಅಜ್ಜಿ ನನ್ನ ಬಾಯಿಗೇ ಕೈ ಅಡ್ಡ ಹಿಡಿದಳು.

“ಎಂಟು ಅಂತ ಊರಿಗೆಲ್ಲ ಸಾರ್ತೀಯೇನ್ಲಾ? ದಿಷ್ಟಿ ಆಯ್ತದೆ. ಏಳು ಅಂತ ಬರ್ಕೊ.”

“ಕಂಪ್ಯೂಟರು ಒಪ್ಪಾಕಿಲ್ಲ ಕಣಜ್ಜಿ.”

“ಅದ್ಯಾವೋನ್ಲಾ ಅವ್ನು? ಅವ್ನ ಕಣ್ಣೂ ಕೆಟ್ಟದ್ದೇ ಇರ್ತದೆ. ಬರ್ಕೊ!”

ಬರೆದುಕೊಂಡೆ. ಪಕ್ಕದ ಮನೆಯವಳು ಬಿಟ್ಟಾಳೆಯೇ? ಒಂದೊಂದು ಕೆ.ಜಿ. ಇಳಿಸಿಕೊಡುವ ಪುಣ್ಯಾತ್ಮನೆಂದು ಹಳ್ಳಿಹಳ್ಳಿಗೂ ಸುದ್ದಿ ಹಬ್ಬಿ, ಹೋದಲ್ಲೆಲ್ಲ ಮಜ್ಜಿಗೆ, ಕಡಲೆಪುರಿ. ನಾನೂ ಉಬ್ಬಿಹೋದೆ.

ಬೆಂಗಳೂರಿನಿಂದ ಪಟ್ಟಿ ಬಂತು. ಗುಂಡುಕಲ್ಲಿನಂಥ ಕೂಸುಗಳೆಲ್ಲ ಅದರಲ್ಲಿ ಬಡಕಲು! ಹಾಲಿನ ಪುಡಿಯ ಡಬ್ಬಗಳನ್ನು ಜೀಪಿನಲ್ಲಿ ತುಂಬಿಕೊಂಡು ಬಂದ ಡಾಕ್ಟರು ಮೊದಲ ಬಡಕಲು ಕೂಸನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು.

“ಏನಯ್ಯಾ ಇದು, ಕಂಪ್ಯೂಟರಿಗೆ ತಲೆ ಕೆಟ್ಟಿದೆಯಾ?”

“ಹೊಸ ಯಂತ್ರ ಅಲ್ವಾ ಸಾರ್” ಎಂದೆ. ನಂಬಿದರು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಖಾಯಂ ಆಗುತ್ತಿತ್ತು.

ಸಾಲಿನ ಕೊನೆಯಲ್ಲಿ ಒಬ್ಬ ತಾಯಿ, ಕೈಕಾಲು ಕಡ್ಡಿಯಾಗಿದ್ದ ಹೆಣ್ಣುಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಪಟ್ಟಿಯಲ್ಲಿ ಅದರ ಹೆಸರಿಲ್ಲ. ಇರುವುದಾದರೂ ಹೇಗೆ? ತೂಗಿದ ದಿನ ಅವಳು, “ಅಕ್ಕಪಕ್ಕದೋರು ಆಡ್ಕೊತಾರೆ, ನನ್ ಮಗೀಗೆ ಎಲ್ಡು ಜಾಸ್ತಿ ಬರ್ಕೊಳಣ್ಣ” ಎಂದು ಪಿಸುಗುಟ್ಟಿದ್ದಳು. ಅದನ್ನೂ ಬರೆದಿದ್ದೆನಲ್ಲ, ಮಹಾ ಪುಣ್ಯಾತ್ಮ!

ಡಾಕ್ಟರ ಮುಂದೆ ಹೋಗಿ ನಿಂತೆ. “ಸಾರ್, ತಪ್ಪು ಯಂತ್ರದ್ದಲ್ಲ, ನನ್ನದು” ಎಂದು ಎಲ್ಲವನ್ನೂ ಒದರಿಬಿಟ್ಟೆ. ಡಾಕ್ಟರು ಬೈದ ಬೈಗುಳಕ್ಕೆ ಜೀಪಿನ ಡ್ರೈವರ್ ಕೂಡ ತಲೆ ತಗ್ಗಿಸಿದ. ಖಾಯಮ್ಮಿನ ಮಾತು ಅಲ್ಲಿಗೇ ಮುಗಿಯಿತು. ಬೈಯುತ್ತಲೇ ಅವರು ಮೊದಲ ಡಬ್ಬವನ್ನು ಆ ತಾಯಿಯ ಮುಂದೆ ಚಾಚಿದರು.

“ಮೆತ್ತುಗೆ ಕೊಡಿ ಸಾಮಿ, ಎಲ್ರೂ ನೋಡ್ತಾವ್ರೆ” ಎಂದು ಅವಳು ಅದನ್ನೂ ಸೆರಗಿನೊಳಗೆ ಮುಚ್ಚಿಕೊಂಡಳು.