ದಿಬ್ಬಣದವರು ಕೇಳಿದ ಸಂಗೀತ

ಬಸ್ಸು ಕೆಡಬಹುದಿತ್ತು. ಕಡವಿನಲ್ಲಿ ದೋಣಿ ಸಿಗದಿರಬಹುದಿತ್ತು. ಅಡುಗೆ ಭಟ್ಟರಿಗೆ ಜ್ವರ ಬರಬಹುದಿತ್ತು. ತೆಂಗಿನಕಾಯಿ ಬಿದ್ದು ಬೀಗರ ತಲೆ ಒಡೆಯಬಹುದಿತ್ತು. ತಂಗಿಯ ಮದುವೆಗೆ ಮೊದಲಿನ ವಾರವಿಡೀ ನಾನು ಇವನ್ನೆಲ್ಲ ಸರದಿಯಂತೆ ಚಿಂತಿಸಿದ್ದೆ. ದೆವ್ವ-ಗಿವ್ವದ ಚಿಂತೆಯೊಂದು ಇರಲಿಲ್ಲ. ಅಂಥದ್ದನ್ನು ನಾನು ನಂಬುತ್ತಿರಲಿಲ್ಲ. ಇರುವ ಚಿಂತೆಗಳಿಗೇ ಪುರಸೊತ್ತು ಸಾಲುತ್ತಿರಲಿಲ್ಲ ಅನ್ನಿ.

ಅರವತ್ತರ ದಶಕದ ಆರಂಭ. ನಮ್ಮ ಬಿಜೂರಿನಲ್ಲಿ ಮದುವೆಯೆಂದರೆ ಬ್ಯಾಟರಿಯ ಮೈಕ್ ಸೆಟ್ ತರಿಸಿ, ತೆಂಗಿನಮರಕ್ಕೆ ಸ್ಪೀಕರ್ ಕಟ್ಟಿ ಹಾಡು ಹಾಕಲೇಬೇಕು. ಬರೀ ಶೋಕಿಗಲ್ಲ. ಊರು ಗೊತ್ತಿಲ್ಲದ ದಿಬ್ಬಣದವರು ಆ ಸದ್ದು ಹಿಡಿದೇ ಗದ್ದೆ ದಾಟಿ ಬರಬೇಕು.

ಮುಂಬಯಿ ಹೋಟೆಲಿನಲ್ಲಿದ್ದ ಭಾವ, ನನ್ನ ಅಕ್ಕನ ಗಂಡ, ಅದಕ್ಕೆಂದೇ ಒಂದು ರೆಕಾರ್ಡು ತಂದಿದ್ದ. ಬೇರೆ ಗ್ರಹದವರು ಭೂಮಿಗೆ ಇಳಿಯುವ ಇಂಗ್ಲಿಷ್ ಸಿನಿಮಾದ ಸಂಗೀತ. ಹಾಡಿಲ್ಲ, ಬರೀ ವಾದ್ಯ. ಕುಂದಾಪುರದ ಮೈಕ್ ಅಂಗಡಿಯಲ್ಲಿ ಹಾಕಿಸಿ ನನಗೆ ಕೇಳಿಸಿದ. ತಳದಲ್ಲಿ ನೂರು ಪಿಟೀಲು ಗುಂಯ್‌ಗುಡುತ್ತಿದ್ದವು, ಅದರ ಮೇಲೆ ಕೊಂಬು, ಕೊನೆಗೆ ಹೆಂಗಸಿನದೋ ಯಂತ್ರದ್ದೋ ತಿಳಿಯದ ಒಂದು ಸ್ವರ ಏರುತ್ತಲೇ ಹೋಯಿತು.

"ಇದ್ ಕೇಂಡ್ರೆ ಯಾರೋ ಬತ್ತಿದ್ರ್ ಅಂದೇಳಿ ಲೆಕ್ಕ" ಅಂದ ಭಾವ.

ಮದುವೆಯ ಬೆಳಿಗ್ಗೆ ಆ ರೆಕಾರ್ಡು ಕಾಣಲಿಲ್ಲ. ಭಾವ ಗೊಣಗಿದ. ಮೈಕಿನವನು ತನ್ನಲ್ಲಿದ್ದ ದೇವರನಾಮಗಳನ್ನೇ ಹಾಕುತ್ತಾ ಹೋದ. ಮುಹೂರ್ತ ಹನ್ನೊಂದಕ್ಕೆ, ಬ್ರಹ್ಮಾವರದ ದಿಬ್ಬಣ ಹತ್ತೂವರೆಯಾದರೂ ಇಲ್ಲ. ತಂಗಿಗೆ ಮೊದಲೇ ಒಂದು ಸಂಬಂಧ ಮುರಿದಿತ್ತು. ಇದೂ ತಪ್ಪಿದರೆ ಮೂರನೆಯವರು ನಮ್ಮ ಅಂಗಳ ಮೆಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು.

ಇನ್ನೇನು ಐದು ನಿಮಿಷ ಇದೆ ಅನ್ನುವಾಗ ದಿಬ್ಬಣ ಬಂತು. ಮನೆಯ ಹಿಂದಿನಿಂದ, ಸುಡುಗಾಡಿನ ದಾರಿಯಲ್ಲಿ. ಆ ದಾರಿಯಲ್ಲಿ ನಮ್ಮವರು ಹೆಣ ಒಯ್ಯುತ್ತಾರೆಯೇ ಹೊರತು ಮದುಮಗನನ್ನು ಕರೆತರುವುದಿಲ್ಲ. ಮದುಮಗನ ಸೋದರಮಾವನ ಮುಖ ಬಿಳಿಚಿತ್ತು.

"ಹ್ವಾಯ್, ಎಂತ ಮಾರಾಯ್ರೆ! ಮದಿ ಮನೆಯಂಗ್ ಹೆದ್ರಿಕಿ ಬಪ್ಪು ಸಂಗೀತ ಹಾಕುದಾ? ಬಸ್ ಇಳ್ದಲ್ಲಿಂದ ಅದನ್ನೇ ಕೇಂಡ್ಕಂಡ್ ಬಂದದ್ದ್ ನಾವ್. ಕಡಿಗೆ ಯಾರೋ ಹೆಂಗ್ಸ್ ಕೂಗಿ ಮರ್ಕಿದಂಗೆ ಮೇಲ್ ಮೇಲ್ ಹೋಯ್ತ್!"

ನಮ್ಮ ಸ್ಪೀಕರಿನಲ್ಲಿ ಆಗಲೂ ದೇವರನಾಮವೇ ಕೂಗುತ್ತಿತ್ತು. ಅದು ಅವರಲ್ಲಿ ಒಬ್ಬರ ಕಿವಿಗೂ ಬಿದ್ದಿರಲಿಲ್ಲವಂತೆ.

ಮದುವೆ ಸಾಂಗವಾಗಿ ನಡೆಯಿತು. ತಂಗಿ ಚೆನ್ನಾಗಿದ್ದಾಳೆ. ನಾನು ಮಾತ್ರ ಅವಳ ಕಾಗದ ನಾಲ್ಕು ದಿನ ತಡವಾದರೆ ಆ ದಾರಿಯನ್ನು ನೆನೆಯುತ್ತೇನೆ. ಭಾವನದು ಈಗಲೂ ಒಂದೇ ವಾದ: ರೆಕಾರ್ಡು ಕದ್ದು, ಸುಡುಗಾಡಿನ ಹತ್ತಿರ ಇನ್ನೊಂದು ಮೈಕ್ ಇಡಿಸಿದ್ದು ನಾನೇ. ಅಲ್ಲವೆನ್ನಲು ನನ್ನಲ್ಲಿ ಸಾಕ್ಷಿಯಿದೆ, ತೋರಿಸುವ ಧೈರ್ಯವಿಲ್ಲ. ಮದುವೆಯ ಹಿಂದಿನ ದಿನ, ಬೀಗರ ತಲೆಯ ಮೇಲೆ ತೆಂಗಿನಕಾಯಿ ಬಿದ್ದರೇನು ಗತಿ ಎಂದು ಯೋಚಿಸುತ್ತ ಮಂಚದ ಮೇಲೆ ಕುಸಿದು ಕೂತಿದ್ದೆ. ಅಡಿಯಲ್ಲಿ ಚಟ್ ಅಂದಿತು. ಹೊದಿಕೆ ಎತ್ತಿದರೆ ಭಾವನ ರೆಕಾರ್ಡು, ಎರಡು ಹೋಳು. ಇಂದಿಗೂ ನನ್ನ ಟ್ರಂಕಿನ ತಳದಲ್ಲಿವೆ.