ಜೋಳದ ಹಿಟ್ಟಿನ ಹಿಮ

ನಾಲ್ಕೂವರೆಗೆ ಏಳುವುದು, ಐದಕ್ಕೆ ಚಹಾ, ಆರಕ್ಕೆ ಅಂಗಳ ಗುಡಿಸುವುದು. ಸಿಂದಗಿಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿದ್ದವನು ನಾನು. ನಿವೃತ್ತಿಯಾದ ಮೇಲೂ ಸೀಟಿ ಕೊರಳಲ್ಲೇ ಇತ್ತು. ಇಂಥ ಶಿಸ್ತಿನ ಮನೆಯೊಳಗೆ, ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಆಷಾಢದಲ್ಲಿ, ಜಪಾನು ಬಂದಿಳಿಯಿತು.

ತಂದವಳು ಮಗಳು. ಮದುವೆಯಾದ ಮೊದಲ ವರ್ಷ, ಪದ್ಧತಿಯಂತೆ ಆಷಾಢಕ್ಕೆ ತವರಿಗೆ ಬಂದಿದ್ದಳು. ಗಂಡನ ಮನೆಯವರದು ಮುದ್ದೇಬಿಹಾಳದಲ್ಲಿ ಫೋಟೊ ಸ್ಟುಡಿಯೊ. ಆಷಾಢದಲ್ಲಿ ಮದುವೆಗಳಿಲ್ಲ, ಆದ್ದರಿಂದ ಅವರ ಹೊಸ ಡಿಜಿಟಲ್ ಕ್ಯಾಮೆರಾಕ್ಕೂ ಕೆಲಸವಿಲ್ಲ. ಹೀಗಾಗಿ ಸೊಸೆಯ ಜೊತೆ ಕ್ಯಾಮೆರಾವೂ ತವರಿಗೆ ಬಂತು. ಕಳಿಸುವಾಗ ಅವಳ ಮಾವ ಒಂದು ಕರಾರು ಹಾಕಿದ್ದರು: “ಅಮಾಸಿ ದಿನ ಕ್ಯಾಮೆರಾ ಹೊಳ್ಳಿ ಬರಬೇಕವಾ. ಅಷ್ಟರಾಗ ನಿನ್ನ ಗೊಂಬಿ ಸಿನಿಮಾ ಮುಗಿಸಿ ತೋರಿಸಿದ್ರ ಸ್ಟುಡಿಯೊ ಮ್ಯಾಲಿನ ಖೋಲಿ ನಿಂದು. ಇಲ್ಲಾಂದ್ರ ಅಲ್ಲಿ ಲೈಟಿನ ಸಾಮಾನು ಇಡ್ತೇನಿ.”

ಚಿತ್ರಕಲೆ ಕಲಿತ ಹುಡುಗಿಗೆ ಗಂಡನ ಮನೆಯಲ್ಲಿ ಬೇಕಾಗಿದ್ದುದು ಅದೊಂದೇ, ಬಾಗಿಲು ಹಾಕಿಕೊಂಡು ಕೆಲಸ ಮಾಡಲು ಒಂದು ಕೋಣೆ.

ಕಥೆ ಅವಳು ಓದುವ ದಿನಗಳಿಂದ ಕಾಯ್ದಿಟ್ಟ ಹಳೆಯ ಪುಸ್ತಕದ್ದು. ಜಪಾನಿನಿಂದ ಕನ್ನಡಕ್ಕೆ ಬಂದದ್ದು. ರಟ್ಟು ಹರಿದು ಬರೆದವರ ಹೆಸರೂ ಹೋಗಿತ್ತು. ಒಬ್ಬ ಬಡ ಮುದುಕಿಗೆ, ಅವಳೊಡನೆ ಮಾತು ಬಿಟ್ಟಿದ್ದ ನೆರೆಯವಳು ಒಂದು ದಿನ ಬಟ್ಟಲಲ್ಲಿ ಸಾರು ಕಳಿಸುತ್ತಾಳೆ. ಬಟ್ಟಲು ಮರಳಿಸಬೇಕು, ಒಳಗೆ ಹಾಕಲು ಮನೆಯಲ್ಲಿ ಏನೂ ಇಲ್ಲ. ದಾರಿಯ ಹೊಲದಲ್ಲಿ ಬಗ್ಗಿ ಹಿಮ ತುಂಬಿಕೊಳ್ಳುತ್ತಾಳೆ. ಅವರ ಬಾಗಿಲು ಮುಟ್ಟುವಷ್ಟರಲ್ಲಿ ಅದು ಕರಗಿ ನೀರಾಗಿರುತ್ತದೆ. ನೆರೆಯವಳು ಎರಡೂ ಕೈಯಲ್ಲಿ ಹಿಡಿದು ಆ ನೀರು ಕುಡಿಯುತ್ತಾಳೆ. ಅಷ್ಟೇ ಕಥೆ.

ಕೇಳಿ ನನ್ನ ಹೆಂಡತಿ ಕೂಡಲೇ ತೀರ್ಪು ಕೊಟ್ಟಳು: “ಬರೇ ಬಟ್ಟಲಾ ಹೊಳ್ಳಿ ಕೊಡಬಾರದು ಅಂತ ಅಕಿಗೂ ಗೊತ್ತೈತಿ ನೋಡು. ಅಕಿ ನಮ್ಮಾಕಿನ ಬಿಡು.”

ಪಡಸಾಲೆಯ ಮೇಜು ಜಪಾನಾಯಿತು. ಹಿಮಕ್ಕೆ ಜೋಳದ ಹಿಟ್ಟು. ಮುದುಕಿಯ ಮುಖಕ್ಕೆ ಇಂಡಿ ಊರಿನಿಂದ ತಂದ ನಿಂಬೆಕಾಯಿ. ಒಣಗಿದಾಗ ಅದಕ್ಕೆ ಬಿದ್ದ ಸುಕ್ಕುಗಳನ್ನು ಯಾವ ಕಲಾವಿದನೂ ಬಿಡಿಸಲಾರ. ಮೈಗೆ ಹಳೆಯ ಖಣದ ತುಂಡು. ಹೆಂಡತಿ ಅದರ ತಲೆಯ ಮೇಲೆ ಸೆರಗು ಹೊದಿಸಿದಳು.

“ಅವ್ವಾ, ಜಪಾನಿನ್ಯಾಗ ಸೆರಗು ಇರಂಗಿಲ್ಲ.”

“ಬರ್ಫ ಬೀಳ್ತೈತಿ ಅಂತಿ. ಮುದುಕಿ ತಲಿ ತೋಯಂಗಿಲ್ಲೇನು?”

ಕೊನೆಗೆ ಒಂದು ತಲೆವಸ್ತ್ರಕ್ಕೆ ರಾಜಿಯಾಯಿತು.

ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೊ, ಮತ್ತೆ ಸರಿಸುವುದು. ಒಂದು ಹೆಜ್ಜೆಗೆ ಹತ್ತು ಫೋಟೊ. ಇದು ಕವಾಯತೇ ಎಂದು ನನಗೆ ಎರಡನೆಯ ದಿನವೇ ಹೊಳೆಯಿತು. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ನಾನು ಸೀಟಿ ಊದಿದರೆ ಮಗಳು ಕೈ ತೆಗೆಯಬೇಕು, ಹೆಂಡತಿ ಉಸಿರು ಹಿಡಿಯಬೇಕು. ಆಷಾಢದ ಗಾಳಿಗೆ ಹಿಮ ಹಾರದಂತೆ ಕಿಟಕಿಗಳೆಲ್ಲ ಬಂದ್. ಬೆವರು ಒರೆಸಿಕೊಳ್ಳುತ್ತ ನಾವು ಮೂವರು ಹಿಮಗಾಲದಲ್ಲಿ ಇದ್ದೆವು. ಈ ನಡುವೆ ನಿಂಬೆಕಾಯಿ ಇನ್ನೂ ಒಣಗುತ್ತಲೇ ಹೋಗಿ, ಅರವತ್ತರ ಮುದುಕಿ ಹೊಲದ ನಡುವೆ ಬರುವಷ್ಟರಲ್ಲಿ ತೊಂಬತ್ತು ದಾಟಿದ್ದಳು. “ಹಾದಿ ದೂರ ಐತಿ, ಅದಕ್ಕ” ಎಂದಳು ನನ್ನಾಕೆ.

ದಿನಾ ಸಂಜೆ ಆರಕ್ಕೆ ಅಳಿಯನ ಫೋನು. ಕೇಳುವುದು ಕ್ಯಾಮೆರಾದ ಆರೋಗ್ಯ. ಹೆಂಡತಿ ಗಂಭೀರವಾಗಿಯೇ ಉತ್ತರಿಸುವಳು: “ಕ್ಯಾಮೆರಾ ಆರಾಮ ಐತ್ರಿ. ಎರಡು ಹೊತ್ತು ಊಟಾ ಮಾಡ್ತೈತಿ. ನಿಮ್ಮನ್ನ ಭಾಳ ನೆನಸ್ತೈತ್ರಿ. ಕೊಡ್ಲೇನು, ಮಾತಾಡ್ತೀರಿ?”

ಕೆಲಸ ನಿಂತ ಮೇಲೆ ಮೇಜಿಗೆ ಬಟ್ಟೆ ಮುಚ್ಚುವುದು ಮಗಳ ಜವಾಬ್ದಾರಿ. ಅಮಾವಾಸ್ಯೆಗೆ ಮೂರು ದಿನ ಇದ್ದಾಗ ಒಂದು ಸಂಜೆ ಅವಳು ಫೋನಿಗೆ ಓಡಿದವಳು ಬೇಗ ಬರಲಿಲ್ಲ. ಮೇಜು ತೆರೆದೇ ಇತ್ತು. ಹಿಟ್ಟಿನ ತುಂಬ ಗುಳಿ. ಉದ್ದ ಜಿಗಿತದ ಮರಳನ್ನು ಪ್ರತಿ ಹುಡುಗ ಜಿಗಿದ ಮೇಲೂ ಸಮ ಮಾಡಿಸುವುದು ಮೂವತ್ತು ವರ್ಷ ನನ್ನ ಕೆಲಸ. ಕೈ ಮನಸ್ಸನ್ನು ಕೇಳಲಿಲ್ಲ. ಅಡಿಪಟ್ಟಿ ತಗೊಂಡು ಮೂಲೆಯಿಂದ ಮೂಲೆಗೆ ಎಳೆದೆ. ಗಾಜಿನಂತೆ ಸಮ! ಮುದುಕಿಯನ್ನೂ ನೆಟ್ಟಗೆ ನಿಲ್ಲಿಸಿ, ಸಂತೋಷದಿಂದ ಬಟ್ಟೆ ಮುಚ್ಚಿ ಊಟಕ್ಕೆ ಕುಳಿತೆ.

ಮುಂಜಾನೆ ಮಗಳು ಬಟ್ಟೆ ಸರಿಸಿ ಹಾಗೆಯೇ ನಿಂತಳು.

“ಅಪ್ಪಾ, ಮುದುಕಿ ಹೆಜ್ಜಿ ಎಲ್ಲಿ?”

ಆಗ ನನಗೆ ತಿಳಿಯಿತು. ಮುದುಕಿ ಹೊಲದ ನಡುವೆ ಇದ್ದಾಳೆ, ಹಿಂದೆ ಒಂದೂ ಹೆಜ್ಜೆಯ ಗುರುತಿಲ್ಲ, ಹಾರಿ ಬಂದಳೇ? ಮೊದಲಿನಿಂದ ಎಲ್ಲ ಮತ್ತೆ ತೆಗೆಯಲು ದಿನಗಳಿಲ್ಲ. ಮಗಳು ಅಳಲಿಲ್ಲ, ಗೋಡೆಯ ಮೇಲಿನ ವೇಳಾಪಟ್ಟಿಯನ್ನು ನೋಡುತ್ತ ಕುರ್ಚಿಯಲ್ಲಿ ಕುಳಿತಳು. “ಲೈಟಿನ ಸಾಮಾನು ಇಡ್ಲಿ ಬಿಡು” ಎಂದಳು. ಸೀಟಿಯನ್ನು ಕೊರಳಿಂದ ತೆಗೆದು ಕಿಸೆಗೆ ಹಾಕಿದೆ.

ಅಡುಗೆ ಮನೆಯಿಂದ ಹೆಂಡತಿ ಬಂದು ನೋಡಿದಳು. “ನಿಮ್ಮಪ್ಪನ ಕೈಯಾಗ ಜಗತ್ತು ಕೊಟ್ರ ಗುಡ್ಡನೂ ಸಮ ಮಾಡ್ತಾರ. ಅಲ್ಲವಾ, ಬರ್ಫ ಅಂದ್ರ ಬೀಳೂದಲ್ಲೇನು? ಬಿದ್ರ ಹೆಜ್ಜಿ ಮುಚ್ಚಂಗಿಲ್ಲೇನು?”

ಹೇಳಿ ಹಿಟ್ಟಿನ ಜರಡಿ ತಂದಳು.

ಮಗಳು ಮುದುಕಿಯ ಹಿಂದೆ ನಾಲ್ಕೇ ಹೆಜ್ಜೆ ಒತ್ತಿದಳು. ನಾನು ಸೀಟಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಊದಿದೆ. ಹೆಂಡತಿ ಜರಡಿಯನ್ನು ಒಂದು ಸಲ ತಟ್ಟಿದಳು, ಒಂದು ಫೋಟೊ. ಮತ್ತೆ ತಟ್ಟಿದಳು, ಮತ್ತೊಂದು. ಹೆಜ್ಜೆಗಳು ಒಂದೊಂದಾಗಿ ಮುಚ್ಚಿಹೋದವು. ಮಧ್ಯಾಹ್ನದ ಹೊತ್ತಿಗೆ ಮಗಳು ಏಕಾಏಕಿ ಕಿರುಚಿದಳು: “ಅವ್ವಾ, ನಿಲ್ಲು! ಬಟ್ಟಲಾ ನೋಡು!”

ಮುದುಕಿ ಎದೆಗೆ ಹಿಡಿದ ಬಟ್ಟಲು ಜರಡಿಯ ಹಿಮದಿಂದ ತಾನೇ ತುಂಬಿತ್ತು. ಆಕೆ ಬಗ್ಗಬೇಕಾಗಿಯೇ ಇರಲಿಲ್ಲ, ಆಕಾಶವೇ ಕೊಟ್ಟಿತ್ತು. ಪುಸ್ತಕದಲ್ಲಿ ಇಲ್ಲದ್ದು ನಮ್ಮ ಮೇಜಿನ ಮೇಲೆ ಆಗಿಹೋಯಿತು. ಮೂವರೂ ಹಿಟ್ಟು ಬಳಿದುಕೊಂಡು ನಗುತ್ತ ಕುಣಿದೆವು. ನಾನೂ ಕುಣಿದೆ, ಲೆಕ್ಕವಿಲ್ಲದೆ, ತಾಳವಿಲ್ಲದೆ. ಬಗ್ಗುವ ದೃಶ್ಯ ತೆಗೆಯುವುದು ತಪ್ಪಿದ್ದರಿಂದ ಒಂದು ದಿನ ಉಳಿಯಿತು, ಅದರಲ್ಲಿ ನೆರೆಯವಳ ಬಾಗಿಲಿನ ದೃಶ್ಯವೂ ಮುಗಿಯಿತು.

ಅಮಾವಾಸ್ಯೆಯ ಮುಂಜಾನೆ ಮೊದಲ ಬಸ್ಸಿಗೆ ನಾನು, ಮಗಳು ಬಸವನ ಬಾಗೇವಾಡಿಗೆ ಹೋದೆವು. ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಅವಳ ಗೆಳತಿ ಫೋಟೊಗಳನ್ನೆಲ್ಲ ಜೋಡಿಸಿ ಒಂದು ಸಿ.ಡಿ. ಮಾಡಿಕೊಟ್ಟಳು. ಆಷಾಢ ಇನ್ನೂ ಮುಗಿದಿರಲಿಲ್ಲ. ಮಗಳು ಗಂಡನ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಅವಳನ್ನು ಗೆಳತಿಯ ಹತ್ತಿರ ಬಿಟ್ಟು, ಸಿ.ಡಿ.ಯನ್ನೂ ಕ್ಯಾಮೆರಾ ಚೀಲವನ್ನೂ ಎದೆಗೆ ಅವಚಿಕೊಂಡು ನಾನೊಬ್ಬನೇ ಮುದ್ದೇಬಿಹಾಳದ ಬಸ್ಸು ಹತ್ತಿದೆ, ಥೇಟ್ ಆ ಮುದುಕಿಯ ಹಾಗೆ.

ಬೀಗರು ಸ್ಟುಡಿಯೊದ ಟಿ.ವಿ.ಯಲ್ಲಿ ನೋಡಿದರು. ನಾಲ್ಕೇ ನಿಮಿಷ. ಇನ್ನೊಮ್ಮೆ ಹಾಕಿದರು. ನೆರೆಯವಳು ನೀರು ಕುಡಿಯುವಾಗ ಅವರ ಗಂಟಲೂ ಆಡಿತು. ಆಮೇಲೆ ಕ್ಯಾಮೆರಾ ತೆಗೆಯಲು ಚೀಲ ಬಿಚ್ಚಿದರೆ, ಮೇಲೆಯೇ ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ನನ್ನ ಹೆಂಡತಿ ನನಗೂ ಹೇಳದೆ ಇಟ್ಟಿದ್ದಳು.

“ಇದೂ ಬರ್ಫ ಏನ್ರಿ ಬೀಗರ?”

“ಅದ ಚೀಲದ ಜೋಳ್ರಿ. ಮೇಜಿನ ಮ್ಯಾಲಿಂದು ಎಮ್ಮಿ ತಿಂತು” ಎಂದೆ.

ಹೊಟ್ಟೆ ಹಿಡಿದುಕೊಂಡು ನಕ್ಕರು. ರೊಟ್ಟಿ, ಕ್ಯಾಮೆರಾ ಎರಡನ್ನೂ ಒಳಗೆ ಒಯ್ದರು. ಬಂದು ಖಾಲಿ ಚೀಲದ ಬಾಯಿ ಹಾಕಿ ನನ್ನ ಕೈಗಿತ್ತರು. “ಸೊಸಿ ಕೈಯಾಗ ಕೊಡ್ರಿ. ಬರೇ ಚೀಲಾ ಕಳಸಿಲ್ರಿ ನಾನೂ.”

ಬೇರೆಯವರಿಗೆ ಕೊಟ್ಟದ್ದನ್ನು ಬಿಚ್ಚುವವನಲ್ಲ ನಾನು. ಆದರೆ ಪ್ರತಿ ತಗ್ಗಿಗೂ ಒಳಗೆ ಏನೋ ಕಿಣಿ ಅನ್ನುತ್ತಿತ್ತು.

ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಮಗಳು ನಿಂತಿದ್ದಳು. ಚೀಲ ಕಸಿದುಕೊಂಡು ಬಿಚ್ಚಿದಳು. ಒಂದೇ ಒಂದು ಕೀಲಿಕೈ. ಅದನ್ನು ಮೇಲೆತ್ತಿ ಹಿಡಿದು ಗರಗರ ತಿರುಗಿದಳು. ನಾನು ಕೊರಳಿನ ಸೀಟಿ ಬಾಯಿಗಿಟ್ಟು, ಜೀವಮಾನದಲ್ಲಿ ಊದದಷ್ಟು ಜೋರಾಗಿ ಎರಡು ಸಲ ಊದಿದೆ.

ಪಕ್ಕದಲ್ಲಿ ನಿಂತಿದ್ದ, ಇಂಡಿಗೆ ಹೋಗುವ ಬಸ್ಸು ಹೊರಟೇಬಿಟ್ಟಿತು. ಅದರ ಕಂಡಕ್ಟರ್ ಮಾತ್ರ ಚಹಾದ ಕಪ್ಪು ಹಿಡಿದು, “ಯಾವನ್ಲೇ ಅಂವಾ ಸೀಟಿ ಹೊಡದಾಂವ!” ಎನ್ನುತ್ತ ಅದರ ಹಿಂದೆ ಓಡುತ್ತಿದ್ದ.