ಉಬ್ಬಲು ಬಿಟ್ಟ ಜಾಗ

ಬೆಳಕು ಹರಿಯುವ ಮೊದಲೇ ಮುಂಬೈ ಬಳಿಯ ಕೋಪರಿಯಲ್ಲಿ, ತಮ್ಮ ಹೋಟೆಲಿನ ಹಿಂಬದಿಯಲ್ಲಿ ಕೂತು ಗುಣಪಾಲ ಕೇದಗೆ ಎಲೆಯನ್ನು ಬೆಂಕಿಗೆ ಬಾಡಿಸಿ, ಇಡ್ಲಿ ಹಿಟ್ಟು ಹೊಯ್ದು ಬೇಯಿಸುವ ಮೂಡೆ ಸುತ್ತುತ್ತಾರೆ. ಇವತ್ತು ಮಾತ್ರ ಒಂದೂ ಸರಿ ಕಾಣುತ್ತಿಲ್ಲ. ಸುತ್ತಿದ್ದನ್ನೇ ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ.

"ನೀವು ಮೂಡೆ ಕಟ್ಟುವುದಾ, ಸುಜನನ ಕೈ ಕಟ್ಟುವುದಾ?" ಒಲೆಯ ಬಳಿಯಿಂದ ಹೆಂಡತಿ ಜಲಜಾಕ್ಷಿ ಕೇಳುತ್ತಾರೆ.

"ಎರಡೂ ಒಂದೇ. ಬಿಗಿ ಬೇಕು, ಒಳಗಿದ್ದದ್ದು ಉಬ್ಬಲಿಕ್ಕೆ ಜಾಗವೂ ಬೇಕು."

ಉಡುಪಿ ಕಡೆಯಿಂದ ಬಂದ ಗುಣಪಾಲ, ಪಕ್ಕದ ವ್ಯಾಯಾಮಶಾಲೆಗೆ ಚಹಾ ಕೊಡಲು ಹೋಗಿ ಬಾಕ್ಸರುಗಳ ಕೈಗೆ ಪಟ್ಟಿ ಸುತ್ತುವುದನ್ನು ಕಲಿತವರು. ಈಗ ತಲೆ ನರೆತಿದೆ. ಯಾವ ಪೋಸ್ಟರಿನಲ್ಲೂ ಅವರ ಹೆಸರಿಲ್ಲ. ಅಲ್ಲಿರುವುದು ಡೊಂಬಿವಲಿಯ ಸುಜನ್ ಮತ್ತು ಕಲ್ಯಾಣದ ಕೌಶಲ್. ಹೆವಿವೇಟ್ ಪಟ್ಟಕ್ಕಾಗಿ ಇಬ್ಬರೂ ಸಂಜೆ ಠಾಣೆಯಲ್ಲಿ ಎದುರಾಗುತ್ತಾರೆ. ಸುಜನನ ಬಲಗೈ ಕಳೆದ ವರ್ಷ ಮುರಿದು ಕೂಡಿದ್ದು. ಇನ್ನೊಮ್ಮೆ ಮುರಿದರೆ ರಿಂಗೂ ಇಲ್ಲ, ಎಂಐಡಿಸಿ ಕಾರ್ಖಾನೆಯ ಲೇತ್ ಕೆಲಸವೂ ಇಲ್ಲ.

ಪಟ್ಟಿ ಸುತ್ತುವಾಗ ಎದುರಾಳಿಯ ಕಡೆಯವನೊಬ್ಬ ಕೂತು ನೋಡುವುದು ಈ ಆಟದ ರಿವಾಜು. ಸಂಜೆ ಕೌಶಲ್ ಕಡೆಯಿಂದ ಜಯಶೀಲ ಬಂದು ಕೂರುತ್ತಾನೆ. ಸುಜನನ ಕಾಲು ನೆಲ ಕುಟ್ಟುತ್ತಲೇ ಇದೆ.

"ಮಾಮಾ, ಔರ್ ಟೈಟ್ ಕರೊ ನಾ. ಕಲ್ಲಿನ ಹಾಗೆ ಬೇಕು."

"ಕಲ್ಲು ಬೇಕಾದರೆ ಪಾರ್ಸಿಕ್ ಗುಡ್ಡಕ್ಕೆ ಹೋಗು ಮಾರಾಯ."

"ಬಿಗಿದುಬಿಡಿ ಗುಣಪಾಲಣ್ಣ," ಜಯಶೀಲ ನಗುತ್ತಾನೆ. "ಮರಗಟ್ಟಿದ ಕೈಯ ಏಟು ನಮ್ಮ ಕೌಶಲ್‌ಗೆ ಸೊಳ್ಳೆ ಕಚ್ಚಿದ ಹಾಗೆ."

"ಸೋತರೆ ನಿಮ್ಮಿಂದಲೇ ಮಾಮಾ," ಅನ್ನುತ್ತಾನೆ ಸುಜನ್. ಗುಣಪಾಲ ಅವನ ಕೈಯನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಬೆರಳು ಅಗಲಿಸಿ, ಸಂದುಗಳಲ್ಲಿ ಪಟ್ಟಿ ಹಾಯಿಸಿ, ಮುಷ್ಟಿ ಕಟ್ಟಿಸಿ ನೋಡುತ್ತಾರೆ. ಇನ್ನಷ್ಟು ಬಿಗಿಯುವುದಿಲ್ಲ. ಮೋಸವಿಲ್ಲವೆಂದು ಒಪ್ಪಿ ಜಯಶೀಲ ಪಟ್ಟಿಯ ಮೇಲೆ ಪೆನ್ನಿನಿಂದ ಸಹಿ ಹಾಕುತ್ತಾನೆ.

ಕಾದಾಟ ಶುರುವಾದ ಮೇಲೆ ಗುಣಪಾಲರಿಗೆ ಕೂರಲಾಗುವುದಿಲ್ಲ. ರಿಂಗಿನತ್ತ ನೋಡದೆ ಗೋಡೆಯುದ್ದಕ್ಕೂ ಅತ್ತಿಂದಿತ್ತ ನಡೆಯುತ್ತಾರೆ. ಸುಜನನ ಬಲಗೈಯ ಏಟು ಬಿದ್ದ ಸದ್ದು ಅವರ ಕಿವಿಗೆ ಗೊತ್ತು. ಅದು ತಡವಾದಾಗೆಲ್ಲ ಹೆಜ್ಜೆ ನಿಲ್ಲುತ್ತದೆ. ಕೊನೆಯ ಸುತ್ತಿನಲ್ಲೂ ಆ ಸದ್ದು ಬರುತ್ತದೆ, ಗಟ್ಟಿಯಾಗಿಯೇ.

ಕೂದಲೆಳೆಯ ಅಂತರದಲ್ಲಿ ಪಟ್ಟ ಕೌಶಲ್‌ಗೆ ಹೋಗುತ್ತದೆ. ಒಳಗೆ ತಲೆ ತಗ್ಗಿಸಿ ಕೂತ ಸುಜನನ ಪಟ್ಟಿಯನ್ನು ಗುಣಪಾಲ ಕತ್ತರಿಸಿ ತೆಗೆಯುತ್ತಾರೆ. ಕೈ ಬೆಂದ ಮೂಡೆಯ ಹಾಗೆ ಉಬ್ಬಿದೆ.

"ಮಡಚು. ಈಗ ಬಿಡಿಸು."

ಐದೂ ಬೆರಳು ಮಡಚುತ್ತವೆ, ಬಿಡಿಸಿಕೊಳ್ಳುತ್ತವೆ. ಸುಜನ್ ತನ್ನ ಕೈಯನ್ನೇ ನೋಡುತ್ತಾನೆ. ಆಮೇಲೆ ಮೆಲ್ಲಗೆ, "ನೆಕ್ಸ್ಟ್ ಟೈಮೂ ನೀವೇ ಕಟ್ಟಬೇಕು ಹಾಂ, ಮಾಮಾ."

ಕಾದಾಟ ಶುರುವಾದ ಮೇಲೆ ಗುಣಪಾಲ ಆಗ ಮೊದಲ ಬಾರಿಗೆ ಕೂರುತ್ತಾರೆ. ನಿಮಗೆ ಏನಾದರೂ ಆಸೆ ಉಂಟಾ ಎಂದು ಯಾರಾದರೂ ಕೇಳಿದರೆ, ನೆಲದ ಪಟ್ಟಿ ಚೂರುಗಳನ್ನು ಹೆಕ್ಕುತ್ತಾ ಹೇಳುತ್ತಾರೆ: "ಪಟ್ಟ ಸುಜನನಿಗೂ ಒಂದು ದಿನ ಸಿಗಲಿ. ನನ್ನದು ಇಷ್ಟೇ. ನಾನು ಕಟ್ಟಿದ ಕೈ ಮನೆಗೆ ಹೋಗಿ ತನ್ನ ಅನ್ನ ತಾನೇ ಕಲಸಿ ಉಣ್ಣಬೇಕು."